ಸೇಂಟ್ ಹೆಲೆನಾ ದ್ವೀಪ: ಹೊರಾಂಗಣ ಕ್ರೀಡೆ ಮತ್ತು ವಿಹಾರ

ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ, ಆಫ್ರಿಕದ ನೈರುತ್ಯ ಕರಾವಳಿಯಿಂದ ಸುಮಾರು 1,950 ಕಿಮೀ ದೂರದಲ್ಲಿರುವ ಸೇಂಟ್ ಹೆಲೆನಾ ಬ್ರಿಟನ್ನಿಗೆ ಸೇರಿದ ಸಾಗರೋತ್ತರ ಪ್ರದೇಶ. ವಿಸ್ತೀರ್ಣ ಸುಮಾರು 122 ಚದರ ಕಿಮೀ. 2021ರ ಜನಗಣತಿಯಂತೆ ಜನಸಂಖ್ಯೆ ನಾಲ್ಕೂವರೆ ಸಾವಿರಕ್ಕೂ ಕಡಿಮೆ. ರಾಜಧಾನಿ ಜೇಮ್ಸ್‌ಟೌನ್. ನೆಪೋಲಿಯನ್ 1815ರಿಂದ 1821ರಲ್ಲಿ ಸಾಯುವವರೆಗೆ ಸೆರೆಯಲ್ಲಿದ್ದ ಜಾಗವೆಂದು ಲೋಕಕ್ಕೆ ಪರಿಚಿತವಾದ ಈ ದ್ವೀಪಕ್ಕೆ ಇಂದು ಬರುವವರಲ್ಲಿ ಅನೇಕರು ಬರುವುದು ನಡೆಯಲು, ಈಜಲು, ಕಡಲಾಳಕ್ಕೆ ಇಳಿಯಲು, ಹಕ್ಕಿ ನೋಡಲು. ಇಲ್ಲಿನ ವಿಹಾರದ ಒಂದು ವೈಶಿಷ್ಟ್ಯವನ್ನು ಮೊದಲೇ ಹೇಳಿಬಿಡಬೇಕು: ಇದರಲ್ಲಿ ಪ್ರವಾಸಿಗರಿಗೆಂದೇ ಕಟ್ಟಿದ್ದು ತೀರ ಕಡಿಮೆ. ಕಾವಲುಗಾರರ ಕಾಲುದಾರಿ, ಗೊಬ್ಬರ ಸಾಗಿಸುವ ಇಳಿಜಾರು, ಸೈನ್ಯದ ಬಯಲು, ಮುಳುಗಿದ ಹಡಗು ಇವೇ ಈಗ ಆಟದ ತಾಣಗಳು. ಇವಕ್ಕೆಲ್ಲ ಮೊದಲು ಬೇರೆ ಕೆಲಸವಿತ್ತು.

ನೆಲದ ಸ್ವರೂಪ

ದ್ವೀಪ ಎಂದೊಡನೆ ತೆಂಗಿನ ಸಾಲು, ಬಿಳಿ ಮರಳು ನೆನೆಯುವವರಿಗೆ ಸೇಂಟ್ ಹೆಲೆನಾ ನಿರಾಶೆ ತರಬಹುದು. ಇದು ಎಂದೋ ತಣ್ಣಗಾದ ಜ್ವಾಲಾಮುಖಿಯ ನೆತ್ತಿ. ಸುತ್ತಲೂ ಕಡಲಿನಿಂದ ನೇರ ಎದ್ದು ನಿಂತ ಕಪ್ಪು, ಕಂದು ಬಂಡೆಗಳ ಪ್ರಪಾತ. ದೋಣಿ ಹಚ್ಚಲು ಸಿಗುವ ಬಾಯಿಗಳು ಕೆಲವೇ. ಪೋರ್ಚುಗೀಸರು 1502ರಲ್ಲಿ ಇದನ್ನು ಕಂಡರು. 1659ರಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ ಇಲ್ಲಿ ನೆಲೆಯೂರಿ ಕೋಟೆ ಕಟ್ಟಿತು. ಭಾರತದಿಂದ ಮರಳುವ ಹಡಗುಗಳು ಇಲ್ಲಿ ನಿಂತು ಸಿಹಿನೀರು, ತರಕಾರಿ ತುಂಬಿಕೊಳ್ಳುತ್ತಿದ್ದವು. ಕೋಟೆಗೂ ಸೆರೆಮನೆಗೂ ಒದಗಿಬಂದ ಇದೇ ಕಡಿದಾದ ನೆಲ ಇಂದು ಚಾರಣಿಗರನ್ನು ಕರೆಯುತ್ತಿದೆ.

ಕರಾವಳಿ ಬರಡು, ಪಾಪಾಸುಕಳ್ಳಿ, ಸಡಿಲ ಕಲ್ಲು, ಉರಿಬಿಸಿಲು. ನಾಲ್ಕಾರು ಕಿಮೀ ಒಳಗೆ ಏರಿದರೆ ಹಸಿರು ಹುಲ್ಲುಗಾವಲು, ಇನ್ನೂ ಮೇಲೆ ಮಂಜು ಕವಿದ ಕಾಡು. ಜೇಮ್ಸ್‌ಟೌನ್‌ಗಿಂತ ಮೇಲಿನ ಊರುಗಳಲ್ಲಿ ಐದಾರು ಡಿಗ್ರಿ ತಂಪು. ಹೀಗಾಗಿ ಒಂದೇ ದಿನದ ನಡಿಗೆಗೂ ಟೋಪಿ, ಮಳೆಯಂಗಿ ಎರಡೂ ಬೇಕಾಗುತ್ತವೆ. ಆಗ್ನೇಯದಿಂದ ಬೀಸುವ ವಾಣಿಜ್ಯ ಮಾರುತ ವರ್ಷವಿಡೀ ಇರುತ್ತದೆ. ಬೆಟ್ಟದ ಏಣಿನ ಮೇಲೆ ಅದು ಆಳನ್ನು ಅಲುಗಾಡಿಸುವಷ್ಟು ಜೋರು.

ಯಾಕೋಬನ ಏಣಿ

ಜೇಮ್ಸ್‌ಟೌನ್ ಊರು ಎರಡು ಬೆಟ್ಟಗಳ ನಡುವಿನ ಇಕ್ಕಟ್ಟಾದ ಕಣಿವೆಯಲ್ಲಿ ಉದ್ದಕ್ಕೆ ಚಾಚಿಕೊಂಡಿದೆ. ಅದರ ಪಶ್ಚಿಮದ ಗೋಡೆಯಂಥ ಬೆಟ್ಟವನ್ನು ನೆಟ್ಟಗೆ ಏರುವ 699 ಮೆಟ್ಟಿಲುಗಳ ಸಾಲೇ ಯಾಕೋಬನ ಏಣಿ. ಏರುವ ಎತ್ತರ ಸುಮಾರು 180 ಮೀಟರ್. 1829ರಲ್ಲಿ ಇದನ್ನು ಕಟ್ಟಿದ್ದು ಮೆಟ್ಟಿಲಿಗಾಗಿ ಅಲ್ಲ. ಎರಡು ಹಳಿಗಳ ಮೇಲೆ ಬಂಡಿಗಳನ್ನು ಸರಪಳಿಯಿಂದ ಎಳೆದು, ಊರಿನ ಗೊಬ್ಬರವನ್ನು ಮೇಲಿನ ಹೊಲಗಳಿಗೂ ಸಾಮಾನನ್ನು ಬೆಟ್ಟದ ಕೋಟೆಗೂ ಸಾಗಿಸುವ ಇಳಿಜಾರು ಅದು. ಮೇಲ್ತುದಿಯಲ್ಲಿ ರಾಟೆ ತಿರುಗಿಸಲು ಪ್ರಾಣಿಗಳಿದ್ದವು. ಮರದ ಭಾಗಗಳು ಗೆದ್ದಲು ಹಿಡಿದು ಹಾಳಾದ ಮೇಲೆ 1871ರಲ್ಲಿ ಸೈನ್ಯದ ಎಂಜಿನಿಯರುಗಳು ಯಂತ್ರ ಕಿತ್ತು ಮೆಟ್ಟಿಲನ್ನಷ್ಟೇ ಉಳಿಸಿದರು.

ಒಂದೊಂದು ಮೆಟ್ಟಿಲೂ ಕಾಲು ಮೀಟರಿಗಿಂತ ಹೆಚ್ಚು ಎತ್ತರ. ಸಾಮಾನ್ಯ ಮನೆಯ ಮೆಟ್ಟಿಲಿಗಿಂತ ಇದು ಎಷ್ಟು ಜಾಸ್ತಿ ಎಂಬುದು ನೂರು ದಾಟಿದ ಮೇಲೆ ತೊಡೆಗೆ ತಿಳಿಯುತ್ತದೆ. ಗಡಿಯಾರ ಹಿಡಿದು ಏರುವ ಸ್ಪರ್ಧೆಯೂ ಇಲ್ಲಿ ನಡೆಯುತ್ತದೆ. ಪಳಗಿದ ಓಟಗಾರರು ಐದಾರು ನಿಮಿಷದಲ್ಲಿ ಮೇಲೆ ಮುಟ್ಟುತ್ತಾರೆ. ಉಳಿದವರಿಗೆ ಅರ್ಧ ಗಂಟೆ ಹಿಡಿದರೂ ಅವಮಾನವೇನಿಲ್ಲ; ಏರಿದವರಿಗೆ ಬುಡದಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ಪ್ರಮಾಣಪತ್ರ ಸಿಗುತ್ತದೆ. ಇಳಿಯುವುದು ಏರುವುದಕ್ಕಿಂತ ಕಷ್ಟ ಎಂದು ಹೇಳುವವರೇ ಹೆಚ್ಚು. ಕಾಲ ಬುಡದಲ್ಲೇ ಊರಿನ ಛಾವಣಿಗಳು ಕಾಣುವುದರಿಂದ ತಲೆಸುತ್ತು ಇರುವವರು ಪಕ್ಕದ ರಸ್ತೆಯಲ್ಲಿ ಇಳಿಯುವುದು ಕ್ಷೇಮ. ಹಿಂದಿನ ಹುಡುಗರಿಗೆ ಇಂಥ ಅಳುಕು ಇರಲಿಲ್ಲವೆಂದು ತೋರುತ್ತದೆ. ಒಂದು ಕಡೆಯ ಕಂಬಿಗೆ ಹೆಗಲು, ಇನ್ನೊಂದಕ್ಕೆ ಕಾಲಿನ ಗಿಣ್ಣು ಕೊಟ್ಟು ಅಡ್ಡಡ್ಡ ಮಲಗಿ ಅವರು ಮೇಲಿನಿಂದ ಕೆಳಗೆ ಜಾರುತ್ತಿದ್ದರು. ಈಗ ಅದಕ್ಕೆ ಪ್ರೋತ್ಸಾಹವಿಲ್ಲ.

ಅಂಚೆಪೆಟ್ಟಿಗೆ ನಡಿಗೆಗಳು

ದ್ವೀಪದ ಮುಖ್ಯ ಹೊರಾಂಗಣ ಚಟುವಟಿಕೆ ನಡಿಗೆ. ಅದರಲ್ಲೂ 'ಪೋಸ್ಟ್ ಬಾಕ್ಸ್ ವಾಕ್' ಎಂದು ಕರೆಯುವ ಇಪ್ಪತ್ತಕ್ಕೂ ಹೆಚ್ಚು ಗುರುತಿಸಿದ ದಾರಿಗಳು. 1990ರ ದಶಕದಲ್ಲಿ ಸ್ಥಳೀಯ ನಿಸರ್ಗಪ್ರಿಯರು ರೂಪಿಸಿದ ವ್ಯವಸ್ಥೆ ಇದು. ದಾರಿಯ ಕೊನೆಯಲ್ಲಿ ಒಂದು ಪೆಟ್ಟಿಗೆ. ಅದರೊಳಗೆ ಆ ಜಾಗದ ರಬ್ಬರ್ ಮುದ್ರೆ, ಹೆಸರು ಬರೆಯಲು ಒಂದು ಪುಸ್ತಕ. ತಲುಪಿದವರು ತಮ್ಮ ಕೈಪಿಡಿಗೆ ಮುದ್ರೆ ಒತ್ತಿಕೊಂಡು ಬರುತ್ತಾರೆ. ಎಲ್ಲ ಮುದ್ರೆಗಳನ್ನೂ ಕೂಡಿಸುವ ಹಟ ದೊಡ್ಡವರಿಗೂ ಅಂಟಿಕೊಳ್ಳುವಂಥದು. ಪ್ರತಿ ದಾರಿಗೂ ಶ್ರಮ ಎಷ್ಟು, ನೆಲ ಎಷ್ಟು ಒರಟು ಎಂಬುದಕ್ಕೆ ಅಂಕಿಗಳ ಸೂಚನೆ ಇದೆ. ಈ ಅಂಕಿಗಳನ್ನು ಕೊಟ್ಟವರು ಬೆಟ್ಟದಲ್ಲೇ ಬೆಳೆದವರು ಎಂಬುದನ್ನು ಬಯಲುಸೀಮೆಯ ನಡಿಗೆಗಾರರು ಮರೆಯಬಾರದು.

ಮೊದಲ ಬಾರಿ ಹೋದವರು ಸಾಮಾನ್ಯವಾಗಿ ಆರಿಸುವುದು ಡಯಾನಾಸ್ ಪೀಕ್. ಸುಮಾರು 820 ಮೀಟರ್ ಎತ್ತರದ ಇದು ದ್ವೀಪದ ಅತಿ ಎತ್ತರದ ತುದಿ. ಅಕ್ಕಪಕ್ಕದ ಇನ್ನೆರಡು ಶಿಖರಗಳೊಂದಿಗೆ ಸೇರಿ ಒಂದು ಬೆನ್ನೇಣು ಆಗಿದೆ. ಸುತ್ತಲಿನ ಕಾಡು 1996ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಆಳೆತ್ತರ ಮೀರಿ ಬೆಳೆಯುವ ಮರಜರಿಗಳು, ದಪ್ಪ ಎಲೆಯ 'ಕ್ಯಾಬೇಜ್ ಮರ'ಗಳು ಇಲ್ಲಿ ಮಂಜನ್ನು ಹಿಡಿದು ಹನಿಹನಿಯಾಗಿ ನೆಲಕ್ಕಿಳಿಸುತ್ತವೆ. ದ್ವೀಪದ ಕುಡಿಯುವ ನೀರಿನ ಆಸರೆಯೂ ಇದೇ ಕಾಡು. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಗಿಡ, ಹುಳು, ಜೇಡಗಳು ಈ ಚಿಕ್ಕ ದ್ವೀಪದಲ್ಲಿ ನೂರಾರಿವೆ. ಬಹುಪಾಲು ಈ ಎತ್ತರದಲ್ಲೇ. ಆದ್ದರಿಂದ ಬೂಟಿನ ಮಣ್ಣನ್ನು ಉಜ್ಜಿ ತೆಗೆದೇ ಕಾಡಿನ ದಾರಿಗೆ ಕಾಲಿಡಬೇಕು. ಮಣ್ಣಿನಲ್ಲಿ ಬರುವ ರೋಗ ಗಿಡಗಳಿಗೆ ತಗುಲದಿರಲೆಂದು ಕೆಲವು ದಾರಿಗಳನ್ನು ಮುಚ್ಚುವುದೂ ಉಂಟು.

ಇದಕ್ಕಿಂತ ಬೇರೆಯೇ ಲೋಕ ದಕ್ಷಿಣದ ಸ್ಯಾಂಡಿ ಬೇ. ಗಾಳಿ ಮಳೆ ಕೊರೆದು ಮಾಡಿದ ಬಣ್ಣಬಣ್ಣದ ಬೋಳು ಗುಡ್ಡಗಳ ಬೋಗುಣಿ ಅದು. ಅದರ ನಡುವೆ 'ಲಾಟ್', ತುಸು ದೂರದಲ್ಲಿ 'ಲಾಟನ ಹೆಂಡತಿ' ಎಂಬ ಎರಡು ಕಲ್ಲಿನ ಕಂಬಗಳು. ಜ್ವಾಲಾಮುಖಿಯ ಕೊಳವೆಯಲ್ಲಿ ಗಟ್ಟಿಯಾದ ಕಲ್ಲು ಉಳಿದು, ಸುತ್ತಲಿನ ಮೆದು ಪದರ ಕರಗಿಹೋದಾಗ ನಿಂತವು ಇವು. ಇಲ್ಲಿಂದ ಒಣ ಗುಡ್ಡಗಳ ಅಂಚಿನಲ್ಲಿ ನಡೆದು, ಕೊನೆಗೆ ಹಗ್ಗ ಹಿಡಿದು ಇಳಿದರೆ ಕಡಲಂಚಿನ ಕೊಳಗಳು ಸಿಗುತ್ತವೆ. ಹೊರಗೆ ಅಲೆ ಅಪ್ಪಳಿಸುತ್ತಿದ್ದರೂ ಬಂಡೆಯ ತಡೆಗೋಡೆಯೊಳಗೆ ನೀರು ನಿಚ್ಚಳ, ಶಾಂತ. ಬಿಸಿಲಲ್ಲಿ ಬೆಂದು ಬಂದವರು ಈ ನೀರಿಗಿಳಿದು ಮೀನುಗಳ ನಡುವೆ ಈಜುವುದೇ ಈ ನಡಿಗೆಯ ಬಹುಮಾನ. ದ್ವೀಪದಲ್ಲಿ ಒಂದೇ ನಡಿಗೆಗೆ ಸಮಯವಿದ್ದರೆ ಶಿಖರವನ್ನು ಬಿಟ್ಟು ಇದನ್ನೇ ಆರಿಸಬಹುದು. ಸ್ಯಾಂಡಿ ಬೇಯ ಕಪ್ಪು ಮರಳಿನ ತೀರ ಮಾತ್ರ ನೋಡಲು ಚೆಂದ, ಈಜಲು ಅಪಾಯ.

ಪೂರ್ವದ ಗ್ರೇಟ್ ಸ್ಟೋನ್ ಟಾಪ್ ಸುಮಾರು 490 ಮೀಟರ್ ನೇರ ಕಡಲಿಗೆ ಬೀಳುವ ಪ್ರಪಾತದ ನೆತ್ತಿ. ಕೆಳಗೆ ಕಡಲಹಕ್ಕಿಗಳ ನಡುಗಡ್ಡೆಗಳು ಕಾಣುತ್ತವೆ. ಉತ್ತರದ ಫ್ಲ್ಯಾಗ್‌ಸ್ಟಾಫ್ ಸುಲಭ, ಅದರಾಚೆಯ ಬಾರ್ನ್ ಬಲು ಕಷ್ಟ. ಎಲ್ಲೆಡೆಯೂ ಕಲ್ಲು ಪುಡಿಪುಡಿ, ಕೈ ಹಾಕಿದರೆ ಕಿತ್ತುಬರುತ್ತದೆ. ಈ ಕಾರಣಕ್ಕೇ ಇಷ್ಟೊಂದು ಪ್ರಪಾತಗಳಿದ್ದರೂ ದ್ವೀಪ ಬಂಡೆ ಹತ್ತುವವರ ಕಾಶಿಯಾಗಿಲ್ಲ. ಅನೇಕ ದಾರಿಗಳ ಇಕ್ಕೆಲದಲ್ಲಿ ಬೆಳೆದಿರುವ ಕತ್ತಿಯಂಥ ಎಲೆಯ ನ್ಯೂಜಿಲೆಂಡ್ ನಾರುಗಿಡ ಹಳೆಯ ಉದ್ಯಮವೊಂದರ ಉಳಿಕೆ. ಬ್ರಿಟಿಷ್ ಅಂಚೆ ಇಲಾಖೆಯ ಹುರಿಗೆ ಈ ನಾರು ಹೋಗುತ್ತಿತ್ತು. ಕೃತಕ ಹುರಿ ಬಂದು 1966ರಲ್ಲಿ ಗಿರಣಿಗಳು ಮುಚ್ಚಿದವು, ಗಿಡ ಮಾತ್ರ ಗುಡ್ಡ ಬಿಟ್ಟು ಹೋಗಲಿಲ್ಲ.

ಇಲ್ಲಿ ನಡೆದಾಡಿ ಖುಷಿಪಟ್ಟ ಹಳಬರಲ್ಲಿ ಚಾರ್ಲ್ಸ್ ಡಾರ್ವಿನ್ ಒಬ್ಬ. 1836ರ ಜುಲೈಯಲ್ಲಿ ಬೀಗಲ್ ಹಡಗಿನಿಂದಿಳಿದು ನೆಪೋಲಿಯನ್ನನ ಸಮಾಧಿಯ ಹತ್ತಿರ ಬಿಡಾರ ಹೂಡಿದ್ದ. ದಾರಿ ತೋರಿಸಿದ್ದು ಹಿಂದೆ ಗುಲಾಮನಾಗಿದ್ದು, ಎಳೆಯ ವಯಸ್ಸಿನಲ್ಲಿ ಆಡು ಮೇಯಿಸುತ್ತ ಬೆಟ್ಟವೆಲ್ಲ ಬಲ್ಲವನಾಗಿದ್ದ ಹಿರಿಯನೊಬ್ಬ. ನೆಪೋಲಿಯನ್ನನ ಸಂಗತಿ ಬೇರೆ. ಲಾಂಗ್‌ವುಡ್ ಮನೆಯ ಸುತ್ತ ಗೊತ್ತುಮಾಡಿದ ಮೇರೆಯೊಳಗೆ ಮಾತ್ರ ಅವನು ತನ್ನಷ್ಟಕ್ಕೆ ಕುದುರೆ ಓಡಿಸಬಹುದಿತ್ತು. ಅದರಾಚೆ ಬ್ರಿಟಿಷ್ ಅಧಿಕಾರಿ ಜೊತೆಗಿರಬೇಕು. ಆ ಕಾವಲು ಬೇಡವೆಂದು ಸವಾರಿಯನ್ನೇ ಬಿಟ್ಟ, ಕೊನೆಯ ವರ್ಷಗಳಲ್ಲಿ ತೋಟದ ಕೆಲಸಕ್ಕೆ ತೊಡಗಿದ. ಆ ಮನೆ, ತೋಟ, ಬರಿದಾದ ಸಮಾಧಿ ಇರುವ ಕಣಿವೆ 1858ರಿಂದ ಫ್ರಾನ್ಸಿನ ಸ್ವತ್ತು. ಸಮಾಧಿಗೆ ಇಳಿಯುವ ಹುಲ್ಲಿನ ದಾರಿ ವಯಸ್ಸಾದವರೂ ನಡೆಯಬಹುದಾದಷ್ಟು ಸುಗಮ.

ಕನ್ನಡ ಓದುಗರಿಗೆ ಈ ಬೆಟ್ಟಗಳಲ್ಲಿ ಇನ್ನೊಂದು ಹೆಸರು ಎದುರಾಗುತ್ತದೆ. 1799ರ ಶ್ರೀರಂಗಪಟ್ಟಣ ಮುತ್ತಿಗೆಯಲ್ಲಿ ಬ್ರಿಟಿಷ್ ಸೈನ್ಯದ ಭೂಮಾಪನ ಅಧಿಕಾರಿಯಾಗಿದ್ದು, ಟಿಪ್ಪುವಿನೊಂದಿಗಿನ ಆ ಯುದ್ಧದ ಬಗ್ಗೆ ಗ್ರಂಥ ಬರೆದ ಅಲೆಕ್ಸಾಂಡರ್ ಬೀಟ್ಸನ್ 1808ರಿಂದ 1813ರವರೆಗೆ ಇಲ್ಲಿ ಗವರ್ನರ್ ಆಗಿದ್ದ. ಆಡುಗಳು ಮೇಯ್ದು ಬೋಳಾದ ದ್ವೀಪದಲ್ಲಿ ಮರ ಬೆಳೆಸುವುದು, ಬೇಸಾಯ ಸುಧಾರಿಸುವುದು ಅವನ ಹಂಬಲವಾಗಿತ್ತು. ಅದೇ ಮುತ್ತಿಗೆಯ ಇನ್ನೊಬ್ಬ ಸೇನಾನಿ ಆರ್ಥರ್ ವೆಲ್ಲೆಸ್ಲಿ 1805ರಲ್ಲಿ ಭಾರತದಿಂದ ಮರಳುವಾಗ ಇಲ್ಲಿ ಇಳಿದು ಆರೋಗ್ಯ ಸುಧಾರಿಸಿಕೊಂಡಿದ್ದ. ಹತ್ತು ವರ್ಷದ ಮೇಲೆ ಅವನು ವಾಟರ್‌ಲೂನಲ್ಲಿ ಸೋಲಿಸಿದವನನ್ನು ಇದೇ ದ್ವೀಪಕ್ಕೆ ಕಳಿಸಲಾಯಿತು.

ಕಡಲಿನಲ್ಲಿ

ಬಿಳಿ ಮರಳಿನ ತೀರ ಇಲ್ಲದಿದ್ದರೂ ನೀರಿನೊಳಗಿನ ನೋಟಕ್ಕೆ ಕೊರತೆಯಿಲ್ಲ. ದೊಡ್ಡ ನದಿಗಳಿಲ್ಲ, ಭೂಖಂಡ ದೂರ. ಆದ್ದರಿಂದ ನೀರು ತಿಳಿ. ಉಷ್ಣತೆ ಋತುವಿಗೆ ತಕ್ಕಂತೆ ಸುಮಾರು 19ರಿಂದ 25 ಡಿಗ್ರಿ. ಹವಳದ ದಿಬ್ಬಗಳ ವೈಭವ ಇಲ್ಲಿಲ್ಲ. ಅದರ ಬದಲು ಲಾವಾ ಕಮಾನುಗಳು, ಗವಿಗಳು, ಮತ್ತು ಇಲ್ಲಿ ಮಾತ್ರ ಕಾಣುವ ಮೀನುಗಳು. ಸೇಂಟ್ ಹೆಲೆನಾ ಚಿಟ್ಟೆಮೀನು ನೂರಾರು ಸಂಖ್ಯೆಯಲ್ಲಿ ಗುಂಪುಗೂಡುತ್ತದೆ.

ಮುಳುಗಿದ ಹಡಗುಗಳು ಸ್ಕೂಬಾ ಡೈವಿಂಗ್ ಮಾಡುವವರಿಗೆ ಇನ್ನೊಂದು ಆಕರ್ಷಣೆ. 1911ರಲ್ಲಿ ವಲಸಿಗರನ್ನು ಹೊತ್ತು ಆಸ್ಟ್ರೇಲಿಯಕ್ಕೆ ಹೊರಟಿದ್ದ ಪಾಪನುಯಿ ಎಂಬ ಹಡಗು ಬೆಂಕಿ ಹೊತ್ತಿಕೊಂಡು ಜೇಮ್ಸ್ ಕೊಲ್ಲಿಯಲ್ಲಿ ತಳಹಿಡಿಯಿತು. ಅದರ ಚುಕ್ಕಾಣಿಯ ಕಂಬ ಇಂದಿಗೂ ನೀರಿನ ಮೇಲೆ ಇಣುಕುತ್ತದೆ. ದಡದಿಂದ ಈಜಿಕೊಂಡೇ ಮುಟ್ಟಬಹುದಾದ್ದರಿಂದ ಸ್ನಾರ್ಕ್ಲಿಂಗ್ ಮಾಡುವವರಿಗೂ ಇದು ಎಟುಕುತ್ತದೆ. 1613ರಲ್ಲಿ ಪೋರ್ಚುಗೀಸರೊಡನೆ ಕಾದಾಡುತ್ತ ಸ್ಫೋಟಗೊಂಡು ಮುಳುಗಿದ ಡಚ್ಚರ ವಿಟ್ಟೆ ಲೀವ್ ಹಡಗಿನ ಅವಶೇಷವೂ ಇದೇ ಕೊಲ್ಲಿಯಲ್ಲಿತ್ತು. 1976ರ ಶೋಧನೆಯಲ್ಲಿ ಅದರಿಂದ ಚೀನಾದ ಪಿಂಗಾಣಿ ರಾಶಿ ಮೇಲೆ ಬಂತು. 1941ರ ಅಕ್ಟೋಬರಿನಲ್ಲಿ ಜರ್ಮನ್ ಜಲಾಂತರ್ಗಾಮಿಯೊಂದು ಮುಳುಗಿಸಿದ ಡಾರ್ಕ್‌ಡೇಲ್ ಎಂಬ ತೈಲದ ಹಡಗು ಸತ್ತ ನಾವಿಕರ ಸಮಾಧಿಯೂ ಹೌದು, ಹಾಗಾಗಿ ಅದನ್ನು ವಿನೋದದ ತಾಣವೆಂದು ಎಣಿಸುವಂತಿಲ್ಲ.

ಈಚಿನ ವರ್ಷಗಳಲ್ಲಿ ಹೊರಗಿನವರನ್ನು ಎಲ್ಲಕ್ಕಿಂತ ಹೆಚ್ಚು ಸೆಳೆಯುತ್ತಿರುವುದು ತಿಮಿಂಗಿಲ ಶಾರ್ಕ್. ಮೀನುಗಳಲ್ಲೇ ಅತಿ ದೊಡ್ಡದಾದ, ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುವ ಈ ಸಾಧು ಪ್ರಾಣಿಯನ್ನು ದ್ವೀಪದವರು 'ಬೋನ್ ಶಾರ್ಕ್' ಎನ್ನುತ್ತಾರೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಇವು ಬರುತ್ತವೆ. ಬೇರೆ ಅನೇಕ ತಾಣಗಳಲ್ಲಿ ಸೇರುವುದು ಬಹುಪಾಲು ಎಳೆಯ ಗಂಡುಗಳು. ಇಲ್ಲಿ ಬೆಳೆದ ಗಂಡು ಹೆಣ್ಣುಗಳು ಹೆಚ್ಚುಕಡಿಮೆ ಸಮನಾಗಿ ಕಾಣುತ್ತವೆ ಎಂಬುದು ಸಂಶೋಧಕರ ಕುತೂಹಲ ಕೆರಳಿಸಿದೆ. ಪರವಾನಗಿ ಇರುವ ದೋಣಿಗಳವರು ಮಾತ್ರ ಪ್ರವಾಸಿಗರನ್ನು ಕರೆದೊಯ್ಯಬಹುದು. ನೀರಿಗಿಳಿಯುವವರ ಸಂಖ್ಯೆಗೆ ಮಿತಿ ಇದೆ, ಮುಟ್ಟುವಂತಿಲ್ಲ, ಅಡ್ಡ ಹೋಗುವಂತಿಲ್ಲ. ಇದೇ ತಿಂಗಳುಗಳಲ್ಲಿ ಉತ್ತರ ಅಟ್ಲಾಂಟಿಕ್ಕಿನ ಚಳಿಗಾಲದ ಬಿರುಗಾಳಿ ಎಬ್ಬಿಸಿದ ದೊಡ್ಡ ತೆರೆಗಳು ಜೇಮ್ಸ್ ಕೊಲ್ಲಿಗೆ ಬಂದು ಅಪ್ಪಳಿಸುತ್ತವೆ ಎಂಬುದು ಪೇಚಿನ ಸಂಗತಿ. 1846ರ ಫೆಬ್ರವರಿಯಲ್ಲಿ ಇಂಥ ತೆರೆಗಳು ಲಂಗರು ಹಾಕಿದ್ದ ಹಡಗುಗಳನ್ನೇ ನುಚ್ಚುನೂರು ಮಾಡಿದ್ದವು. ಕಡಲು ಸಿಟ್ಟಾದ ದಿನ ದೋಣಿ ಹೊರಡುವುದಿಲ್ಲ. ವಿಹಾರ ನೌಕೆಗಳಲ್ಲಿ ಬಂದವರು ಕೆಲವೊಮ್ಮೆ ದ್ವೀಪವನ್ನು ಕಣ್ಣಲ್ಲಿ ಕಂಡು, ಕಾಲಿಡದೆ ಮರಳಿದ್ದೂ ಇದೆ.

ಜೂನ್‌ನಿಂದ ಹಂಪ್‌ಬ್ಯಾಕ್ ತಿಮಿಂಗಿಲಗಳ ಕಾಲ. ಮರಿಹಾಕಲು ಬರುವ ತಾಯಂದಿರನ್ನು ಬೆಟ್ಟದ ಮೇಲಿನಿಂದಲೇ ನೋಡಬಹುದು. ಚುಕ್ಕೆ ಡಾಲ್ಫಿನ್‌ಗಳು ವರ್ಷವಿಡೀ ಇವೆ, ನೂರಾರು ಒಟ್ಟಿಗೆ ಜಿಗಿಯುತ್ತ ದೋಣಿಯ ಜೊತೆ ಪಂದ್ಯ ಕಟ್ಟುತ್ತವೆ. ಈಜು ಬಾರದವರಿಗೆ ಡಾಲ್ಫಿನ್ ದೋಣಿಯಾನವೇ ಸಾಕಷ್ಟು ಸಂತೋಷ. ದೋಣಿಗಳು ಪಶ್ಚಿಮದ ಎಗ್ ಐಲೆಂಡ್ ಕಡೆ ಹೋಗಿ ಕಡಲಹಕ್ಕಿಗಳನ್ನು ತೋರಿಸುತ್ತವೆ. ದೋಣಿಯಲ್ಲೇ ತಲುಪುವುದು ಸಲೀಸಾದ ಲೆಮನ್ ವ್ಯಾಲಿಯಲ್ಲಿ ಹಳೆಯ ಕೋಟೆಗೋಡೆಯ ನೆರಳಿನಲ್ಲಿ ಊಟ ಬಿಚ್ಚಿ ಈಜಬಹುದು.

ಗಾಳ ಹಾಕುವುದು ದ್ವೀಪದವರ ಹಳೆಯ ಹವ್ಯಾಸ. ತಮ್ಮನ್ನು 'ಸೇಂಟ್ಸ್' ಎಂದು ಕರೆದುಕೊಳ್ಳುವ ಇವರಲ್ಲಿ ಬಂಡೆಯ ಮೇಲೆ ಕೂತು ರಾತ್ರಿಯಿಡೀ ಮೀನು ಹಿಡಿಯುವವರಿದ್ದಾರೆ. ಹೊಸಬರು ಇದನ್ನು ಅನುಕರಿಸಬಾರದು. ಒಂದು ದೊಡ್ಡ ತೆರೆ ಸಾಕು. ದೋಣಿಯಲ್ಲಿ ಹೋದರೆ ಹಳದಿ ರೆಕ್ಕೆಯ ಟ್ಯೂನಾ, ವಾಹೂ, ಅಪರೂಪಕ್ಕೆ ಮಾರ್ಲಿನ್ ಸಿಗುತ್ತವೆ. ಸುತ್ತಲಿನ 200 ನಾಟಿಕಲ್ ಮೈಲಿಯ ಕಡಲೆಲ್ಲ 2016ರಿಂದ ಸಂರಕ್ಷಿತ ವಲಯವಾಗಿದೆ. ಟ್ಯೂನಾವನ್ನು ಬಲೆ ಬೀಸಿ ಬಾಚುವುದಿಲ್ಲ, ಗಾಳದಿಂದ ಒಂದೊಂದಾಗಿ ಹಿಡಿಯುತ್ತಾರೆ. ಹಿಡಿದದ್ದು ಮೆಣಸಿನಕಾಯಿ ಬೆರೆಸಿದ ಮೀನಿನ ವಡೆಯಾಗಿ ತಟ್ಟೆಗೆ ಬರುತ್ತದೆ. ರಜೆಯ ದಿನಗಳಲ್ಲಿ, ಅದರಲ್ಲೂ ಈಸ್ಟರ್ ಹೊತ್ತಿಗೆ, ಮನೆಮಂದಿಯೆಲ್ಲ ಗುಡ್ಡಗಳಲ್ಲಿ ಡೇರೆ ಹಾಕಿ ತಂಗುವ ರೂಢಿ ಇದೆ. ಆಗ ಬೇಯುವ ಒಂದೇ ಪಾತ್ರೆಯ ಅನ್ನಕ್ಕೆ 'ಪ್ಲೊ' ಎನ್ನುತ್ತಾರೆ, ಅದು ನಮ್ಮ ಪುಲಾವಿನ ನೆಂಟ.

ಹಾಯಿದೋಣಿಯಲ್ಲಿ ಲೋಕ ಸುತ್ತುವವರಿಗೆ ಈ ಕೊಲ್ಲಿ ಬಹುಕಾಲದ ತಂಗುದಾಣ. ದಕ್ಷಿಣ ಆಫ್ರಿಕದ ಕೇಪ್ ಕಡೆಯಿಂದ ಇಲ್ಲಿಗೆ ಸುಮಾರು 1,700 ನಾಟಿಕಲ್ ಮೈಲಿಗಳ 'ಗವರ್ನರ್ಸ್ ಕಪ್' ಹಾಯಿದೋಣಿ ಪಂದ್ಯ 1996ರಲ್ಲಿ ಆರಂಭವಾಯಿತು.

ಆಟದ ಬಯಲು

ಸಮತಟ್ಟು ನೆಲವೇ ಇಲ್ಲಿ ದೊಡ್ಡ ಐಶ್ವರ್ಯ. ಜೇಮ್ಸ್‌ಟೌನ್‌ನ ಮೇಲಿರುವ ಫ್ರಾನ್ಸಿಸ್ ಪ್ಲೇನ್ ಎಂಬ ಒಂದೇ ಬಯಲಿನಲ್ಲಿ ಕ್ರಿಕೆಟ್, ಫುಟ್‌ಬಾಲ್, ಶಾಲೆಯ ಓಟ ಎಲ್ಲವೂ ನಡೆಯಬೇಕು. ಬಯಲಿನಾಚೆ ನೆಲ ಕಣಿವೆಗೆ ಇಳಿಯುವುದರಿಂದ ಸಿಕ್ಸರ್ ಹೊಡೆದವನಿಗಿಂತ ಚೆಂಡು ತರಲು ಹೋದವನೇ ಹೆಚ್ಚು ದಣಿಯುತ್ತಾನೆ. ಕ್ರಿಕೆಟ್ ಪ್ರೀತಿ ಇಲ್ಲಿ ಗಾಢ. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಗೆ ಸೇರಿದ ಅತಿ ಚಿಕ್ಕ ನಾಡುಗಳಲ್ಲಿ ಸೇಂಟ್ ಹೆಲೆನಾ ಒಂದು. 1982ರಲ್ಲಿ ಬ್ರಿಸ್ಬೇನ್ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೂ ಮೊದಲ ಬಾರಿ ತಂಡ ಕಳಿಸಿತು. ವಾರಾಂತ್ಯದ ಪಂದ್ಯ ನೋಡಲು ಹೋದ ಅಪರಿಚಿತರಿಗೆ ಮಾತಿನ ಜೊತೆಗಾರರು ಕೂಡಲೇ ಸಿಗುತ್ತಾರೆ.

ಲಾಂಗ್‌ವುಡ್‌ನ ಗಾಲ್ಫ್ ಮೈದಾನಕ್ಕೆ ಒಂಬತ್ತು ಕುಳಿ. ಎರಡು ಸುತ್ತು ಆಡಿ ಹದಿನೆಂಟು ಎಂದು ಎಣಿಸುತ್ತಾರೆ. ಪ್ರವಾಸಿಗರೂ ಆಡಬಹುದು, ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ. ಹತ್ತಿರದ ಡೆಡ್‌ವುಡ್ ಬಯಲಿನಲ್ಲಿ ನೆಪೋಲಿಯನ್ನನ ಕಾವಲು ಸೈನ್ಯ ಬೀಡುಬಿಟ್ಟು ಕುದುರೆ ಜೂಜು ನಡೆಸುತ್ತಿತ್ತು. 1900ರಲ್ಲಿ ಅದೇ ಬಯಲು ಬೋಯರ್ ಯುದ್ಧಕೈದಿಗಳ ಶಿಬಿರವಾಯಿತು.

ಹಕ್ಕಿ, ಮರ, ಆಕಾಶ

ಡೆಡ್‌ವುಡ್ ಬಯಲಿಗೆ ಈಗ ಹೋಗುವವರು ವೈರ್‌ಬರ್ಡ್ ಹುಡುಕಿಕೊಂಡು ಹೋಗುತ್ತಾರೆ. ನಮ್ಮ ಟಿಟ್ಟಿಭದ ಕುಟುಂಬಕ್ಕೆ ಸೇರಿದ, ಸಣಕಲು ಉದ್ದ ಕಾಲಿನ ಈ ನೆಲಹಕ್ಕಿ ದ್ವೀಪದ ರಾಷ್ಟ್ರೀಯ ಪಕ್ಷಿ. ಜಗತ್ತಿನಲ್ಲಿರುವುದೆಲ್ಲ ಇಲ್ಲಿಯೇ, ಅದೂ ಕೆಲವು ನೂರು. ಹಿಂದೆ ಅಳಿವಿನ ಅಂಚಿಗೆ ಬಂದಿತ್ತು. ಬೆಕ್ಕು, ಇಲಿಗಳ ಹತೋಟಿಯಿಂದ ಚೇತರಿಸಿದೆ. ಜೇಮ್ಸ್‌ಟೌನ್ ಬೀದಿಯ ಮರಗಳಲ್ಲಿ ಅಚ್ಚ ಬಿಳಿಯ ಫೇರಿ ಟರ್ನ್ ಗೂಡೇ ಕಟ್ಟದೆ ಬರಿಯ ಕೊಂಬೆಯ ಮೇಲೆ ಮೊಟ್ಟೆ ಇಡುವುದನ್ನು ಟೀ ಕುಡಿಯುತ್ತಲೇ ನೋಡಬಹುದು.

2000ನೆಯ ಇಸವಿಯಲ್ಲಿ ಆರಂಭವಾದ ಮಿಲೇನಿಯಂ ಅರಣ್ಯದಲ್ಲಿ ಪ್ರವಾಸಿಗರು ಹಣ ತೆತ್ತು ಗಮ್‌ವುಡ್ ಸಸಿ ನೆಡಬಹುದು. ಇದೂ ಒಂದು ವಿಹಾರವೇ ಎಂದು ಕೇಳುವವರು ಒಮ್ಮೆ ಆ ಒಣನೆಲದಲ್ಲಿ ಗುಂಡಿ ತೋಡಿ ನೋಡಬೇಕು. ನಡೆಯಲಾರದವರಿಗೆ 1929ರ ಷೆವ್ರೊಲೆ ತೆರೆದ ಬಸ್ಸಿನ ಸುತ್ತಾಟವಿದೆ. ಗವರ್ನರರ ಪ್ಲಾಂಟೇಷನ್ ಹೌಸ್ ಅಂಗಳದಲ್ಲಿ 1882ರಲ್ಲಿ ಬಂದ ಜೊನಾಥನ್ ಎಂಬ ದೈತ್ಯ ಆಮೆ ಇದೆ. ಬರುವಾಗಲೇ ಬೆಳೆದಿದ್ದ ಅದು ಸುಮಾರು 1832ರಲ್ಲಿ ಹುಟ್ಟಿರಬೇಕೆಂದು ಎಣಿಕೆ. ಕಾಫಿ ತೋಟ ನೋಡಲು ಹೋಗುವುದೂ ಉಂಟು. 1733ರಲ್ಲಿ ಯೆಮೆನ್‌ನ ಮೋಕಾದಿಂದ ಬಂದ ಬೀಜದ ಸಂತತಿ ಅದು. ಬಾಬಾಬುಡನ್‌ಗಿರಿಯ ಕಾಫಿಗೂ ಅದೇ ತವರು ಎಂಬುದು ಚಿಕ್ಕಮಗಳೂರಿನವರಿಗೆ ನೆನಪಾದೀತು.

ಇರುಳಿನ ಆಕಾಶ ಕಡುಗಪ್ಪು, ನಕ್ಷತ್ರ ನೋಡಲು ಹೇಳಿಮಾಡಿಸಿದಂತಿದೆ, ಮೋಡ ಬಿಟ್ಟುಕೊಟ್ಟರೆ. ದಕ್ಷಿಣದ ನಕ್ಷತ್ರಗಳ ಪಟ್ಟಿ ಮಾಡಲು 1677ರಲ್ಲಿ ಬಂದ ಎಡ್ಮಂಡ್ ಹ್ಯಾಲಿ ಬೆಟ್ಟದ ಮೇಲೆ ವೀಕ್ಷಣೆಗೆ ಕೂತು ಮಂಜಿನಿಂದ ಬೇಸತ್ತ. 1761ರಲ್ಲಿ ಶುಕ್ರ ಸಂಕ್ರಮಣ ನೋಡಲು ಬಂದ ನೆವಿಲ್ ಮಾಸ್ಕೆಲೈನ್‌ಗೆ ಮೋಡವೇ ದರ್ಶನ ಕೊಟ್ಟಿತು. ಇಬ್ಬರೂ ಎತ್ತರಕ್ಕೆ ಹೋಗಿದ್ದೇ ತಪ್ಪು. ಇಂದಿನವರು ಒಣ ಕರಾವಳಿಯ ಕಡೆ ಜಾಗ ಹುಡುಕುವುದು ಒಳ್ಳೆಯದು.

ಹೋಗುವವರಿಗೆ

ಬಹುಕಾಲ ಇಲ್ಲಿಗೆ ದಾರಿ ಹಡಗೊಂದೇ. ಕೇಪ್‌ಟೌನ್‌ನಿಂದ ಐದಾರು ದಿನದ ಪಯಣ. ಸುಮಾರು 28.5 ಕೋಟಿ ಪೌಂಡ್ ವೆಚ್ಚದ ವಿಮಾನ ನಿಲ್ದಾಣ ಕಟ್ಟಿದ ಮೇಲೆ ಓಡುದಾರಿಯ ತುದಿಯಲ್ಲಿ ಗಾಳಿಯ ಹಠಾತ್ ತಿರುವು ಅಪಾಯಕರವೆಂದು ಕಂಡು ತಡವಾಯಿತು. 2017ರ ಅಕ್ಟೋಬರ್ 14ರಂದು ಜೊಹಾನ್ಸ್‌ಬರ್ಗ್‌ನಿಂದ ನಿಯತ ವಿಮಾನ ಬರತೊಡಗಿತು, ಮರುವರ್ಷ ಹಳೆಯ ಹಡಗು ನಿವೃತ್ತವಾಯಿತು. ವಿಮಾನ ವಾರಕ್ಕೆ ಒಂದು, ಪ್ರವಾಸದ ಋತುವಿನಲ್ಲಿ ಹೆಚ್ಚುವರಿ. ಹವೆ ಕೆಟ್ಟರೆ ಬರುವುದೂ ಹೋಗುವುದೂ ಮುಂದೆ ಬೀಳುತ್ತದೆ. ಅವಸರದವರ ಊರಲ್ಲ ಇದು.

ಆಸ್ಪತ್ರೆ ಇರುವುದು ಜೇಮ್ಸ್‌ಟೌನ್‌ನಲ್ಲಿ ಒಂದೇ. ಗಂಭೀರ ಗಾಯವಾದರೆ ಹೊರದೇಶಕ್ಕೇ ಸಾಗಿಸಬೇಕು. ಅದರ ಖರ್ಚನ್ನು ಭರಿಸುವ ವಿಮೆ ಇಲ್ಲದವರಿಗೆ ಪ್ರವೇಶವಿಲ್ಲ. ಮೊಬೈಲ್ ಫೋನ್ ಬಂದದ್ದೇ 2015ರಲ್ಲಿ, ಎಲ್ಲ ಕಣಿವೆಗಳಲ್ಲೂ ಸಿಗ್ನಲ್ ಸಿಗುವುದಿಲ್ಲ. ಆದ್ದರಿಂದ ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂದು ತಂಗಿದ ಮನೆಯವರಿಗೆ ಹೇಳಿಯೇ ಹೊರಡಬೇಕು. ಕಷ್ಟದ ದಾರಿಗಳಿಗೆ ಸ್ಥಳೀಯ ಮಾರ್ಗದರ್ಶಿಯನ್ನು ಕರೆದುಕೊಳ್ಳುವುದು ಸೂಕ್ತ. ತಿಮಿಂಗಿಲ ಶಾರ್ಕ್ ಬೇಕಾದವರಿಗೆ ಜನವರಿ, ಫೆಬ್ರವರಿ ಸರಿಯಾದ ಕಾಲ. ತಂಪು ಹವೆಯ ನಡಿಗೆ ಮತ್ತು ತಿಮಿಂಗಿಲ ನೋಡುವ ಆಸೆ ಇರುವವರು ಆಗಸ್ಟ್ ಆಸುಪಾಸು ಹೋಗಬಹುದು. ಬೂಟು, ಡೇರೆ, ಗಾಳದ ಕೋಲು ಇವುಗಳನ್ನು ಮಣ್ಣು ಬೀಜ ಅಂಟಿರದಂತೆ ತೊಳೆದು ಒಯ್ಯಬೇಕು. ಹಣ್ಣು, ಬೀಜ, ಗಿಡಗಳಿಗೆ ನಿಲ್ದಾಣದಲ್ಲಿ ಬಿಗಿ ತಪಾಸಣೆ ಇದೆ. ಜೇನುತುಪ್ಪವನ್ನಂತೂ ಒಳಗೆ ಬಿಡುವುದೇ ಇಲ್ಲ; ಬೇರೆಡೆಯ ಜೇನುಗೂಡುಗಳನ್ನು ಕಾಡುವ ವರೋವ ನುಸಿ ಈ ದ್ವೀಪವನ್ನು ಇನ್ನೂ ತಲುಪಿಲ್ಲ.